ಚೆಂಡು ಬಿಡಿ, ಆ ಐದು ಜನರನ್ನು ನೋಡಿ: ಈಗಲ್ಸ್ ಅಭಿಮಾನಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಿಲಡೆಲ್ಫಿಯಾ ಈಗಲ್ಸ್ ಅಭಿಮಾನಿ. ಡೆಲವೇರ್ ನದಿ ದಾಟಿದರೆ ನಮ್ಮ ಮನೆ, ನ್ಯೂಜೆರ್ಸಿ ಕಡೆ. ಊರಿಗೆ ಫೋನ್ ಮಾಡಿದಾಗ, ಕನ್ನಡ ಕೂಟದಲ್ಲಿ ಊಟಕ್ಕೆ ಸಾಲು ನಿಂತಾಗ, ಭಾನುವಾರ ಮನೆಗೆ ಬಂದ ನೆಂಟರು ಟಿವಿ ಮುಂದೆ ಕೂತಾಗ, ಅಮೆರಿಕನ್ ಫುಟ್‌ಬಾಲ್ ಬಗ್ಗೆ ಕೇಳುವುದು ಹೆಚ್ಚೂ ಕಡಿಮೆ ಇವೇ ಪ್ರಶ್ನೆಗಳು. ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಆಟಗಾರರ ಬಗ್ಗೆ, ತಂತ್ರದ ಬಗ್ಗೆ ಇಲ್ಲಿರುವ ಅಭಿಪ್ರಾಯ ನನ್ನದು. ಒಪ್ಪದವರು ಜಗಳಕ್ಕೆ ಬನ್ನಿ, ಕಾಫಿ ಕೊಡುತ್ತೇನೆ.

ಇದು ಹೆಲ್ಮೆಟ್ ಹಾಕಿಕೊಂಡು ಆಡೋ ರಗ್ಬಿ ತಾನೇ?

ಹುಟ್ಟಿದ್ದು ಅಲ್ಲಿಂದಲೇ, ಬೆಳೆದಿದ್ದು ಬೇರೆ ಕಡೆಗೆ. ರಗ್ಬಿಯಲ್ಲಿ ಆಟ ಹರಿಯುತ್ತಲೇ ಇರುತ್ತದೆ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ. ಇಲ್ಲಿ ಎಸೆಯಬಹುದು, ಪ್ರತಿ ಸಲ ಚೆಂಡು ಹೊರಟಾಗ ಒಂದೇ ಬಾರಿ. ಆ ಒಂದು ವ್ಯತ್ಯಾಸದಿಂದ ಇಡೀ ಆಟದ ಲೆಕ್ಕವೇ ಬದಲಾಗಿದೆ.

ಉಳಿದದ್ದು ಸುಲಭ. ಮೈದಾನ 100 ಯಾರ್ಡ್. ಕಡೆಗೆ 11 ಜನ. 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ, ಒಂದೊಂದಕ್ಕೂ ಡೌನ್ ಅನ್ನುತ್ತಾರೆ. ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಹೋಗದಿದ್ದರೆ ಚೆಂಡು ಎದುರಿನವರಿಗೆ. ಇಷ್ಟು ಗೊತ್ತಿದ್ದರೆ ಮ್ಯಾಚ್ ನೋಡಬಹುದು, ಉಳಿದ ನಿಯಮ ನೋಡ್ತಾ ನೋಡ್ತಾ ಬರುತ್ತದೆ.

ಐದು ಸೆಕೆಂಡ್ ಆಡ್ತಾರೆ, ಅರ್ಧ ನಿಮಿಷ ನಿಲ್ತಾರೆ. ಬೇಜಾರಾಗಲ್ವಾ?

ಕ್ರಿಕೆಟ್ ನೋಡಿಕೊಂಡು ಬೆಳೆದ ನಾವು ಈ ಪ್ರಶ್ನೆ ಕೇಳಬಾರದು! ಬೌಲರ್ ತಿರುಗಿ ನಡೆದು ಹೋಗುವಾಗ ಕ್ಯಾಪ್ಟನ್ ಸ್ಲಿಪ್‌ನಿಂದ ಒಬ್ಬನನ್ನು ತೆಗೆದು ಶಾರ್ಟ್ ಲೆಗ್‌ನಲ್ಲಿ ನಿಲ್ಲಿಸುತ್ತಾನಲ್ಲ, ಆಗ ನಾವು ಟಿವಿ ಮುಂದೆ ಬಗ್ಗಿ ಕೂರುತ್ತೇವೆ. ಇಲ್ಲೂ ಹಾಗೇ. ಆ ನಿಂತ ಹೊತ್ತಿನಲ್ಲೇ ಆಟ ನಡೆಯುತ್ತಿರುತ್ತದೆ. ಯಾರು ಎಲ್ಲಿ ನಿಂತ, ಯಾರು ಎರಡು ಹೆಜ್ಜೆ ಒಳಗೆ ಬಂದ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕೈ ತೋರಿಸಿ ಏನು ಬದಲಾಯಿಸಿದ. ಚೆಂಡು ಹೊರಡುವ ಮೊದಲೇ ಎಷ್ಟೋ ಸಲ ಯಾರು ಗೆದ್ದರು ಅಂತ ತೀರ್ಮಾನ ಆಗಿರುತ್ತದೆ.

ಜಾಹೀರಾತು ಜಾಸ್ತಿ ಅನ್ನುವುದು ಮಾತ್ರ ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಯಾವಾಗ ಕೇಳಿದರೂ "ಲೈನ್ ನೋಡಿ, ಲೈನ್ ನೋಡಿ" ಅಂತೀರಿ. ಅಂಥದ್ದೇನಿದೆ ಅಲ್ಲಿ?

ಎಲ್ಲ ಅಲ್ಲೇ ಇದೆ. ಲೈನ್ ಅಂದರೆ ಕ್ವಾರ್ಟರ್‌ಬ್ಯಾಕ್ ಮುಂದೆ ಸಾಲಾಗಿ ನಿಂತು ಅವನನ್ನು ಕಾಯುವ ಐದು ಜನ. ಒಬ್ಬನೇ ಆಟಗಾರನ ಮೂರು ಫೈನಲ್‌ಗಳನ್ನು (ಇಲ್ಲಿ ಫೈನಲ್‌ಗೆ ಸೂಪರ್ ಬೌಲ್ ಅನ್ನುತ್ತಾರೆ) ತಗೊಂಡು ಹೇಳುತ್ತೇನೆ. ಪ್ಯಾಟ್ರಿಕ್ ಮಹೋಮ್ಸ್, ಕ್ಯಾನ್ಸಸ್ ಸಿಟಿ ಚೀಫ್ಸ್ ಕ್ವಾರ್ಟರ್‌ಬ್ಯಾಕ್. ನಮ್ಮ ಕಾಲದಲ್ಲಿ ಅವನಷ್ಟು ಕೈಚಳಕ ಇರುವವನು ಇನ್ನೊಬ್ಬನಿಲ್ಲ. ವೈರಿ ತಂಡದವನಾದರೂ ಒಪ್ಪಲೇಬೇಕು.

2021ರ ಫೆಬ್ರವರಿ, ಟ್ಯಾಂಪಾ. ಚೀಫ್ಸ್‌ನ ಎರಡೂ ಟ್ಯಾಕಲ್‌ಗಳು, ಅಂದರೆ ಸಾಲಿನ ಎರಡು ತುದಿ ಕಾಯುವವರು, ಗಾಯಗೊಂಡು ಹೊರಗೆ. ಬದಲಿಗೆ ನಿಂತವರು ಒಂದು ಸಲವೂ ಸರಿಯಾಗಿ ತಡೆಯಲಿಲ್ಲ. ಮಹೋಮ್ಸ್ ರಾತ್ರಿಯಿಡೀ ಹಿಂದೆ ಹಿಂದೆ ಓಡಿದ. ಬಿದ್ದುಕೊಂಡೇ, ನೆಲಕ್ಕೆ ಅಡ್ಡವಾಗಿ ಗಾಳಿಯಲ್ಲಿರುವಾಗಲೂ ಚೆಂಡು ಎಸೆದ. ಪ್ರಯೋಜನ ಆಗಲಿಲ್ಲ. 31-9ರಲ್ಲಿ ಸೋಲು. ಒಂದು ಟಚ್‌ಡೌನ್ ಕೂಡ ಇಲ್ಲ, ಅಂದರೆ ಚೆಂಡನ್ನು ಒಂದು ಸಲವೂ ಎದುರಿನವರ ಕೊನೆಯ ಗೆರೆ ದಾಟಿಸಲಿಲ್ಲ.

ಚೀಫ್ಸ್‌ನವರು ಜಾಣರು. ಕೆಲವೇ ತಿಂಗಳಲ್ಲಿ ಇಡೀ ಸಾಲನ್ನು ಹೊಸದಾಗಿ ಕಟ್ಟಿದರು. ಜೋ ತೂನಿಯನ್ನು ದುಡ್ಡು ಕೊಟ್ಟು ತಂದರು, ಒರ್ಲಾಂಡೊ ಬ್ರೌನ್‌ನನ್ನು ಬೇರೆ ತಂಡದಿಂದ ಪಡೆದರು, ಕ್ರೀಡ್ ಹಂಫ್ರಿ, ಟ್ರೇ ಸ್ಮಿತ್ ಇಬ್ಬರನ್ನೂ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಆರಿಸಿದರು. ಎರಡು ವರ್ಷ ಬಿಟ್ಟು, 2023ರ ಫೆಬ್ರವರಿ, ಅರಿಜೋನಾದಲ್ಲಿ ಎದುರಿಗೆ ಬಂದಿದ್ದು ನಮ್ಮ ಈಗಲ್ಸ್. ಆ ಸೀಸನ್‌ನಲ್ಲಿ ನಮ್ಮವರು ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳನ್ನು 70 ಸಲ ಚೆಂಡು ಕೈಯಲ್ಲಿರುವಾಗಲೇ ಕೆಡವಿದ್ದರು. ಅದಕ್ಕೆ ಸ್ಯಾಕ್ ಅನ್ನುತ್ತಾರೆ. ಫೈನಲ್‌ನಲ್ಲಿ ಎಷ್ಟು ಸ್ಯಾಕ್? ಸೊನ್ನೆ. 38-35ರಲ್ಲಿ ಸೋತೆವು. ಕೊನೆಯಲ್ಲಿ ನಮ್ಮ ಜೇಮ್ಸ್ ಬ್ರಾಡ್‌ಬೆರಿ ಮೇಲೆ ಕೊಟ್ಟ ಹೋಲ್ಡಿಂಗ್, ಅಂದರೆ ಎದುರಿನವನನ್ನು ಹಿಡಿದೆಳೆದ ಪೆನಾಲ್ಟಿ ಬಗ್ಗೆ ಜನ ಇವತ್ತಿಗೂ ಬೈಯುತ್ತಾರೆ. ನಾನು ಬೈಯುವುದಿಲ್ಲ. ಆ ಸೊನ್ನೆಯಿಂದಲೇ ಸೋತೆವು.

2025ರ ಫೆಬ್ರವರಿ 9, ನ್ಯೂ ಆರ್ಲಿಯನ್ಸ್. ಅವೇ ಎರಡು ತಂಡ. ಈ ಸಲ ಚೀಫ್ಸ್‌ಗೆ ಎಡ ತುದಿಯಲ್ಲಿ ಸರಿಯಾದ ಆಳು ಸಿಗದೆ, ಸಾಲಿನ ಒಳಗೆ ನಿಲ್ಲುವ ಗಾರ್ಡ್ ಆಗಿದ್ದ ತೂನಿಯನ್ನೇ ಅಲ್ಲಿಗೆ ಸರಿಸಿದ್ದರು. ನಮ್ಮವರು ಮಹೋಮ್ಸ್‌ನನ್ನು 6 ಸಲ ಕೆಡವಿದರು. ಅರ್ಧ ಮ್ಯಾಚ್ ಮುಗಿಯುವ ಹೊತ್ತಿಗೆ 24-0. ಅಷ್ಟು ಹೊತ್ತಿನಲ್ಲಿ ಚೀಫ್ಸ್ ಗಳಿಸಿದ್ದು ಬರೀ 23 ಯಾರ್ಡ್. ಕೊನೆಗೆ 40-22.

ಅದೇ ಮಹೋಮ್ಸ್, ಅದೇ ಕೋಚ್ ಆಂಡಿ ರೀಡ್, ಅದೇ ತೋಳು. ಪ್ರತಿ ಸಲ ಬದಲಾಗಿದ್ದು ಅವನ ಮುಂದೆ ನಿಂತ ಐದು ಜನ, ಮತ್ತೆ ಆ ಐದು ಜನರ ಎದುರು ನಿಂತವರು.

ಆ ಐದು ಜನ ಮಾಡೋದಾದ್ರೂ ಏನು? ಸುಮ್ನೆ ತಳ್ಳಾಡ್ತಾರೆ ಅನ್ಸುತ್ತೆ.

ಟಿವಿಯಲ್ಲಿ ಹಾಗೇ ಕಾಣುತ್ತದೆ, ಯಾಕೆಂದರೆ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ತುದಿಗಳಲ್ಲಿ ಇಬ್ಬರು ಟ್ಯಾಕಲ್. ನಿಯಮದ ಪ್ರಕಾರ ಇವರು ಸಾಮಾನ್ಯವಾಗಿ ಪಾಸ್ ಹಿಡಿಯುವ ಹಾಗಿಲ್ಲ. ಸ್ಕೋರ್‌ಕಾರ್ಡ್‌ನಲ್ಲಿ ಹೆಸರಿಲ್ಲ. ಟಿವಿಯಲ್ಲಿ ಇವರ ಹೆಸರು ಕೇಳುವುದು ಪೆನಾಲ್ಟಿ ಬಿದ್ದಾಗ ಮಾತ್ರ.

ಕಬಡ್ಡಿ ಆಡಿದವರಿಗೆ ಬೇಗ ಅರ್ಥ ಆಗುತ್ತದೆ. ರೈಡರ್ ಒಳಗೆ ಬಂದಾಗ ಡಿಫೆಂಡರ್‌ಗಳು ಕೈ ಕೈ ಹಿಡಿದು ಚೈನ್ ಮಾಡುತ್ತಾರಲ್ಲ? ಒಬ್ಬನ ಕೈ ಜಾರಿದರೆ ಮುಗಿಯಿತು. ನಾಲ್ಕು ಜನ ಸರಿಯಾಗಿ ನಿಂತಿದ್ದರೂ ಐದನೆಯವನು ಅರ್ಧ ಹೆಜ್ಜೆ ತಡವಾದರೆ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ. ಇಲ್ಲಿ ಕೈ ಹಿಡಿಯುವುದಿಲ್ಲ, ಆದರೆ ಪಕ್ಕದವನು ಯಾವ ಕಡೆ ಹೋಗುತ್ತಾನೆ ಅನ್ನುವುದು ಮೈಗೆ ಗೊತ್ತಿರಬೇಕು. ಅದಕ್ಕೇ ಐದು ಜನ ಚೆನ್ನಾಗಿ ಆಡುವವರನ್ನು ತಂದು ನಿಲ್ಲಿಸಿದರೆ ಒಳ್ಳೆ ಲೈನ್ ಆಗುವುದಿಲ್ಲ. ವರ್ಷಗಟ್ಟಲೆ ಒಟ್ಟಿಗೆ ಆಡಬೇಕು.

ಒಂದು ಸಲ ಡಿಸೆಂಬರ್ ಚಳಿಯಲ್ಲಿ ನಮ್ಮ ಸ್ಟೇಡಿಯಂನಲ್ಲಿ ಗೋಲ್‌ಪೋಸ್ಟ್ ಹಿಂದಿನ ಮೇಲಿನ ಸೀಟು ಸಿಕ್ಕಿತ್ತು. ಕಡಿಮೆ ರೇಟು ಅಂತ ತಗೊಂಡಿದ್ದೆ. ಅಲ್ಲಿಂದ ಆಟ ಉದ್ದಕ್ಕೆ ಕಾಣುತ್ತದೆ. ಎಡ ಟ್ಯಾಕಲ್ ಎದುರಿನವನ ಎದೆಗೆ ಎರಡೂ ಅಂಗೈ ಇಟ್ಟು ಹೊರಗೆ ತಿರುಗಿಸಿದ. ಗಾರ್ಡ್ ತನ್ನ ಎದುರಿನವನನ್ನು ಒಳಗೆ ತಿರುಗಿಸಿದ. ನಡುವೆ ಒಂದು ಬಾಗಿಲಗಲ ಜಾಗ, ಒಂದೇ ಒಂದು ಸೆಕೆಂಡ್. ಓಡುವವನು ಆ ಬಾಗಿಲಲ್ಲಿ ದಾಟಿದ, ಅದು ಮುಚ್ಚಿಕೊಂಡಿತು. ಎಲ್ಲರೂ ಓಡಿದವನಿಗೆ ಚಪ್ಪಾಳೆ ಹೊಡೆದರು. ನಾನು ಮಾತ್ರ ಆ ಇಬ್ಬರು ಒಬ್ಬರನ್ನೊಬ್ಬರು ಕೈ ಹಿಡಿದು ಎಬ್ಬಿಸುವುದನ್ನೇ ನೋಡುತ್ತಾ ನಿಂತಿದ್ದೆ. ಅವತ್ತಿನಿಂದ ನಾನು ಚೆಂಡು ನೋಡುವುದು ಬಿಟ್ಟೆ.

ಹಾಗಾದರೆ ನಿಮ್ಮ ಪ್ರಕಾರ ಅತಿ ಒಳ್ಳೆಯ ಲೈನ್‌ಮನ್ ಯಾರು?

ಜೇಸನ್ ಕೆಲ್ಸಿ, ನಮ್ಮ ಈಗಲ್ಸ್ ಸೆಂಟರ್ ಆಗಿದ್ದವನು. ತಮ್ಮ ಟ್ರಾವಿಸ್ ಕೆಲ್ಸಿಯ ಹೆಸರು ಈಗ ಆಟ ನೋಡದವರಿಗೂ ಗೊತ್ತು, ಆದರೆ ನನಗೆ ಅಣ್ಣನೇ ಮೇಲು. 2011ರ ಡ್ರಾಫ್ಟ್‌ನಲ್ಲಿ ಆರನೇ ಸುತ್ತಿನವರೆಗೆ ಯಾರೂ ಕೇಳಲಿಲ್ಲ, 191ನೇ ಆಯ್ಕೆ. ಸೆಂಟರ್ ಆಗಲು ಸಣ್ಣವನು ಅಂದರು. 13 ಸೀಸನ್ ಆಡಿ 2024ರ ಮಾರ್ಚ್‌ನಲ್ಲಿ ನಿವೃತ್ತನಾದ. ಕೊನೆಯ ಹೊತ್ತಿಗೆ 156 ಮ್ಯಾಚ್ ಒಂದೂ ತಪ್ಪಿಸದೆ ಸತತವಾಗಿ ಆಡಿದ್ದ.

ಸೆಂಟರ್ ಕೆಲಸ ಏನು ಅಂತ ಯೋಚಿಸಿ. ಬಗ್ಗಿ ನಿಂತು, ಎದುರಿನ ಡಿಫೆನ್ಸ್ ಓದಿ, ಯಾರು ಯಾರನ್ನು ತಡೆಯಬೇಕು ಅಂತ ಕೂಗಿ ಹೇಳಬೇಕು. ಆಮೇಲೆ ಕಾಲಿನ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡಬೇಕು. ಅದೇ ಕ್ಷಣಕ್ಕೆ 140 ಕಿಲೋ ಮನುಷ್ಯ ಮೇಲೆ ಬೀಳುತ್ತಾನೆ. ಬಹಳಷ್ಟು ಸೆಂಟರ್‌ಗಳು ಅಲ್ಲೇ ನಿಂತು ತಡೆದರೆ ಸಾಕು ಅಂದುಕೊಳ್ಳುತ್ತಾರೆ. ಕೆಲ್ಸಿ ಚೆಂಡು ಕೊಟ್ಟ ಮೇಲೆ ಸಾಲಿನಿಂದ ಹೊರಗೆ ಓಡಿ ಹೋಗಿ, ಓಡುವವನಿಗಿಂತ ಮುಂದೆ, ಬಯಲಲ್ಲಿ ಪಾಸ್ ಕಾಯುವ ಸಣ್ಣ ಕಾರ್ನರ್‌ಬ್ಯಾಕ್‌ಗಳನ್ನು ಹುಡುಕಿ ಉರುಳಿಸುತ್ತಿದ್ದ. ಆ ಗಾತ್ರದ ಮನುಷ್ಯ ಹಾಗೆ ಓಡುವುದು ನೋಡುವುದೇ ಒಂದು ಹಬ್ಬ.

ಅವನ ನಂತರ ಲೇನ್ ಜಾನ್ಸನ್, ಬಲ ಟ್ಯಾಕಲ್. ಅವನು ಕಾಲೇಜಿಗೆ ಸೇರಿದಾಗ ಕ್ವಾರ್ಟರ್‌ಬ್ಯಾಕ್ ಆಗಿದ್ದ ಅಂದರೆ ನಂಬುತ್ತೀರಾ?

ಆಸ್ಟ್ರೇಲಿಯಾದಿಂದ ಬಂದವನ ಕಥೆ ನಿಜವಾ?

ಅಕ್ಷರಶಃ ನಿಜ. ಜೋರ್ಡನ್ ಮೈಲಾಟಾ. ಸಿಡ್ನಿ ಹುಡುಗ, ಸಮೋವಾ ಮೂಲದ ಮನೆತನ, ಆಡುತ್ತಿದ್ದದ್ದು ರಗ್ಬಿ ಲೀಗ್. 6 ಅಡಿ 8 ಅಂಗುಲ ಎತ್ತರ. 2018ರಲ್ಲಿ ಈಗಲ್ಸ್ ಅವನನ್ನು 233ನೇ ಆಯ್ಕೆಯಾಗಿ ತಗೊಂಡಾಗ ಜೀವನದಲ್ಲಿ ಒಂದೇ ಒಂದು ಅಮೆರಿಕನ್ ಫುಟ್‌ಬಾಲ್ ಮ್ಯಾಚ್ ಆಡಿರಲಿಲ್ಲ. ಮೊದಲ ಎರಡು ಸೀಸನ್ ಬೆನ್ನು ನೋವು, ಮೈದಾನಕ್ಕೆ ಇಳಿಯಲೇ ಇಲ್ಲ. ಅಷ್ಟೂ ದಿನ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಅವನಿಗೆ ಮೊದಲಿನಿಂದ ಕಲಿಸಿದರು. ಕಾಲು ಹೇಗೆ ಹಿಂದಕ್ಕೆ ಜಾರಿಸಬೇಕು, ಕೈ ಯಾವಾಗ ಎತ್ತಬೇಕು, ಮಂಡಿ ಎಷ್ಟು ಬಗ್ಗಿರಬೇಕು. ಟಿವಿಯಲ್ಲಿ ಆಟಗಾರರು ತಮ್ಮ ಹೆಸರು, ಓದಿದ ಕಾಲೇಜು ಹೇಳುವ ರೂಢಿ ಇದೆ. ಮೈಲಾಟಾ ಹೇಳಿದ್ದು ಜೆಫ್ ಸ್ಟೌಟ್‌ಲ್ಯಾಂಡ್ ಯೂನಿವರ್ಸಿಟಿ ಅಂತ. ಗುರುವಿಗೆ ಇದಕ್ಕಿಂತ ದೊಡ್ಡ ಕಾಣಿಕೆ ಏನಿದೆ?

ಟಶ್ ಪುಶ್ ಮೋಸ ಅಲ್ವಾ? ಹಿಂದಿನಿಂದ ತಳ್ಳೋದು ಯಾವ ಆಟ?

ಮೋಸ ಅಲ್ಲ. ನಿಯಮದ ಒಳಗೇ ಇದೆ. ಒಂದು ಯಾರ್ಡ್ ಬೇಕು ಅಂದಾಗ ನಮ್ಮ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಸೆಂಟರ್ ಹಿಂದೆಯೇ ನಿಲ್ಲುತ್ತಾನೆ, ಅವನ ಹಿಂದೆ ಇಬ್ಬರು. ಚೆಂಡು ಕೈಗೆ ಬಂದ ತಕ್ಷಣ ಮುಂದಿನವರು ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿ ನುಗ್ಗುತ್ತಾರೆ, ಹಿಂದಿನವರು ಹರ್ಟ್ಸ್‌ನನ್ನು ದೂಡುತ್ತಾರೆ. ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೂ ತಡೆಯಲು ಆಗುವುದಿಲ್ಲ.

ಹಿಂದಿನ ತಳ್ಳುವಿಕೆಯಿಂದಲೇ ಕೆಲಸ ಆಗುತ್ತದೆ ಅಂದುಕೊಂಡಿದ್ದೀರಾ? ಹಾಗಿದ್ದರೆ ಲೀಗ್‌ನ 32 ತಂಡಗಳೂ ಮಾಡುತ್ತಿದ್ದವು. ಎಷ್ಟೋ ತಂಡಗಳು ಪ್ರಯತ್ನಿಸಿ ಕೈಬಿಟ್ಟವು. ಗೆಲ್ಲಿಸುವುದು ಮೊದಲ ಅರ್ಧ ಸೆಕೆಂಡ್‌ನಲ್ಲಿ ಸೆಂಟರ್, ಗಾರ್ಡ್‌ಗಳು ಎದುರಿನವರಿಗಿಂತ ಕೆಳಗೆ ಹೋಗುವುದು. ಜೊತೆಗೆ ಹರ್ಟ್ಸ್ ಕಾಲಿನ ಬಲ. ಭಾರ ಎತ್ತುವುದರಲ್ಲಿ ಅವನು ಲೈನ್‌ಮನ್‌ಗಳಿಗೆ ಸರಿಸಮ.

2025ರ ಜನವರಿಯಲ್ಲಿ ವಾಷಿಂಗ್ಟನ್ ವಿರುದ್ಧದ ಸೆಮಿಫೈನಲ್ ನೆನಪಿದೆಯಾ? ಗೋಲ್ ಲೈನ್ ಹತ್ತಿರ, ಟಶ್ ಪುಶ್ ಬರುತ್ತದೆ ಅಂತ ಗೊತ್ತಾಗಿ ಫ್ರಾಂಕಿ ಲೂವು ಚೆಂಡು ಹೊರಡುವ ಮೊದಲೇ ಸಾಲಿನ ಮೇಲಿಂದ ಹಾರಿದ. ಪೆನಾಲ್ಟಿ. ಮತ್ತೆ ಹಾರಿದ. ಮತ್ತೆ ಪೆನಾಲ್ಟಿ. ಕೊನೆಗೆ ರೆಫರಿ ಮೈಕ್‌ನಲ್ಲಿ, ಹೀಗೇ ಮಾಡಿದರೆ ಆಡದೆಯೇ ಸ್ಕೋರ್ ಕೊಡಬೇಕಾಗುತ್ತದೆ ಅಂತ ಎಚ್ಚರಿಕೆ ಕೊಟ್ಟರು. ಸ್ಟೇಡಿಯಂ ಪೂರ್ತಿ ಎದ್ದು ನಿಂತಿತ್ತು. ಆಮೇಲೆ ಹರ್ಟ್ಸ್ ನುಗ್ಗಿ ಟಚ್‌ಡೌನ್ ಮಾಡಿದ. ಮ್ಯಾಚ್ 55-23.

ಅದೇ ವರ್ಷ ಗ್ರೀನ್ ಬೇ ಪ್ಯಾಕರ್ಸ್ ಇದನ್ನು ನಿಷೇಧಿಸಿ ಅಂತ ಪ್ರಸ್ತಾಪ ತಂದರು. 32 ತಂಡಗಳಲ್ಲಿ 24ರ ಮತ ಬೇಕಿತ್ತು, 22 ಬಿತ್ತು. ನನ್ನ ಮಾತು ಇಷ್ಟೇ. ಒಬ್ಬ ಬೌಲರ್‌ನ ಯಾರ್ಕರ್ ಆಡಲು ಆಗುತ್ತಿಲ್ಲ ಅಂತ ಯಾರ್ಕರ್ ನಿಷೇಧಿಸಿದ್ದನ್ನು ನೋಡಿದ್ದೀರಾ?

ಹರ್ಟ್ಸ್ ನಿಜಕ್ಕೂ ಒಳ್ಳೆ ಕ್ವಾರ್ಟರ್‌ಬ್ಯಾಕಾ, ಅಥವಾ ತಂಡ ಚೆನ್ನಾಗಿದೆ ಅಂತ ಗೆಲ್ತಾನಾ?

ಎರಡೂ. ಲೈನ್ ಮುಖ್ಯ ಅಂತ ನಾನೇ ಹೇಳಿದ ಮೇಲೆ ತಂಡದ ಪಾಲು ಇಲ್ಲ ಅನ್ನಲಾರೆ. ಅವನು ಒಮ್ಮೊಮ್ಮೆ ಚೆಂಡನ್ನು ತುಂಬಾ ಹೊತ್ತು ಕೈಯಲ್ಲಿ ಇಟ್ಟುಕೊಳ್ಳುತ್ತಾನೆ, ಮೈದಾನದ ನಡುವಿಗೆ ಎಸೆಯುವುದು ಕಡಿಮೆ. ಇದೆಲ್ಲ ನಿಜ.

ಆದರೆ ಆ ಹುಡುಗನ ಎದೆಗಾರಿಕೆ ನೋಡಿ. 2018ರ ಜನವರಿ, ಕಾಲೇಜು ಫೈನಲ್. ಹರ್ಟ್ಸ್ ಆಡುತ್ತಿದ್ದ ಅಲಬಾಮಾ ತಂಡ ಜಾರ್ಜಿಯಾ ವಿರುದ್ಧ ಅರ್ಧಕ್ಕೆ 13-0 ಹಿಂದೆ. ಕೋಚ್ ಇಡೀ ದೇಶದ ಎದುರು ಇವನನ್ನು ಕೂರಿಸಿ, ಟುವಾ ಟಗೋವೈಲೋವಾನನ್ನು ಇಳಿಸಿದರು. ಟುವಾ ಗೆಲ್ಲಿಸಿದ. ಗೆಲುವಿನ ಪಾಸ್ ಹಿಡಿದವನು ಡೆವಾಂಟಾ ಸ್ಮಿತ್. ಹರ್ಟ್ಸ್ ಮುಖ ಸಣ್ಣ ಮಾಡಲಿಲ್ಲ, ಪಕ್ಕದಲ್ಲಿ ನಿಂತು ಕುಣಿದ. ತಂಡ ಬಿಟ್ಟೂ ಹೋಗಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಟುವಾ ಗಾಯಗೊಂಡಾಗ ಬೆಂಚಿನಿಂದ ಎದ್ದು ಬಂದು, ಅದೇ ಜಾರ್ಜಿಯಾ ವಿರುದ್ಧ ಗೆಲ್ಲಿಸಿದ.

2023ರ ಫೈನಲ್‌ನಲ್ಲಿ ಯಾರೂ ಮುಟ್ಟದೆಯೇ ಅವನ ಕೈಯಿಂದ ಚೆಂಡು ಜಾರಿತು. ನಿಕ್ ಬೋಲ್ಟನ್ ಎತ್ತಿಕೊಂಡು ಓಡಿ ಟಚ್‌ಡೌನ್ ಮಾಡಿದ. ಅಂಥದ್ದು ಆದ ಮೇಲೆ ಬಹಳ ಜನ ಕುಸಿದು ಹೋಗುತ್ತಾರೆ. ಇವನು ಅದೇ ರಾತ್ರಿ ಓಡಿ ಮೂರು ಟಚ್‌ಡೌನ್, 304 ಯಾರ್ಡ್ ಪಾಸ್. ಎರಡು ವರ್ಷದ ನಂತರದ ಫೈನಲ್‌ನಲ್ಲಿ 22 ಎಸೆತದಲ್ಲಿ 17 ಸರಿಯಾಗಿ ತಲುಪಿದವು, ಮ್ಯಾಚ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಸಿಕ್ಕಿತು. ಅದರಲ್ಲಿ 46 ಯಾರ್ಡ್‌ನ ಒಂದು ಪಾಸ್ ಹಿಡಿದವನು ಯಾರು ಗೊತ್ತಾ? ಅದೇ ಡೆವಾಂಟಾ ಸ್ಮಿತ್. ಆ ಕ್ಷಣಕ್ಕೆ ನನ್ನ ಕಣ್ಣು ತುಂಬಿ ಬಂತು.

ಚೆಂಡು ಹಿಡಿದು ಓಡೋ ರನ್ನಿಂಗ್ ಬ್ಯಾಕ್‌ಗಳಿಗೆ ದುಡ್ಡು ಸುರಿಯೋದು ದಂಡ ಅಂತಾರೆ?

ಸೇಕ್ವಾನ್ ಬಾರ್ಕ್ಲಿ ಬರುವವರೆಗೆ ನಾನೂ ಹಾಗೇ ಅನ್ನುತ್ತಿದ್ದೆ. ನ್ಯೂಯಾರ್ಕ್ ಜೈಂಟ್ಸ್‌ನಲ್ಲಿ ಆರು ವರ್ಷ ಮುರುಕಲು ಲೈನ್ ಹಿಂದೆ ಓಡಿ ಸವೆದಿದ್ದ. 2024ರಲ್ಲಿ ನಮ್ಮಲ್ಲಿಗೆ ಬಂದ. ಪೆನ್ಸಿಲ್ವೇನಿಯಾದಲ್ಲೇ ಬೆಳೆದವನು. ಮೊದಲ ಸೀಸನ್‌ನಲ್ಲೇ 2005 ಯಾರ್ಡ್. ಎರಿಕ್ ಡಿಕರ್ಸನ್ 1984ರಲ್ಲಿ ಮಾಡಿದ 2105ರ ದಾಖಲೆ ಮುರಿಯಲು 101 ಯಾರ್ಡ್ ಬಾಕಿ ಇತ್ತು, ಒಂದು ಮ್ಯಾಚ್ ಇತ್ತು. ಪ್ಲೇಆಫ್ ಎದುರಿಗಿದೆ ಅಂತ ಕೋಚ್ ಆಡಿಸಲಿಲ್ಲ. ಸರಿಯಾದ ತೀರ್ಮಾನ.

ಜ್ಯಾಕ್ಸನ್‌ವಿಲ್ ವಿರುದ್ಧ ಅವನು ಒಬ್ಬನ ಮೇಲಿಂದ ಹಿಂದುಮುಂದಾಗಿ ಹಾರಿದ್ದು ಎಲ್ಲರೂ ನೋಡಿದ್ದಾರೆ. ನನಗೆ ಅದಕ್ಕಿಂತ ಇಷ್ಟ 2025ರ ಜನವರಿಯಲ್ಲಿ ರಾಮ್ಸ್ ವಿರುದ್ಧ ಹಿಮ ಬೀಳುವಾಗ ಓಡಿದ 78 ಯಾರ್ಡ್. ನೆಲ ಬೆಳ್ಳಗೆ, ಗೆರೆ ಕಾಣುತ್ತಿಲ್ಲ, ಎಲ್ಲರೂ ಜಾರುತ್ತಿದ್ದಾರೆ, ಇವನೊಬ್ಬ ಒಣ ನೆಲದ ಮೇಲೆ ಓಡಿದ ಹಾಗೆ ಓಡಿದ. ಆದರೂ ಒಂದು ಮಾತು: ಅದೇ ಮನುಷ್ಯ, ಅದೇ ಕಾಲು, ಲೈನ್ ಬದಲಾಯಿತು ಅಷ್ಟೇ. ಹಾಗಾಗಿ ಮೊದಲು ಲೈನ್ ಕಟ್ಟಿ, ಆಮೇಲೆ ಬಾರ್ಕ್ಲಿಯನ್ನು ತನ್ನಿ. ತಿರುಗುಮುರುಗು ಮಾಡಿದರೆ ನಿಜವಾಗಿಯೂ ದಂಡ.

ಬ್ಲಿಟ್ಜ್ ಅಂದರೇನು? ಜಾಸ್ತಿ ಜನ ನುಗ್ಗಿದರೆ ಒಳ್ಳೇದಲ್ವಾ?

ಸಾಮಾನ್ಯವಾಗಿ ಡಿಫೆನ್ಸ್‌ನ ನಾಲ್ಕು ಜನ ಕ್ವಾರ್ಟರ್‌ಬ್ಯಾಕ್ ಕಡೆ ನುಗ್ಗುತ್ತಾರೆ, ಏಳು ಜನ ಹಿಂದೆ ಪಾಸ್ ಕಾಯುತ್ತಾರೆ. ಐದನೆಯವನೋ ಆರನೆಯವನೋ ಸೇರಿ ನುಗ್ಗಿದರೆ ಬ್ಲಿಟ್ಜ್. ನೋಡಲು ಮಜಾ. ಆದರೆ ಮುಂದೆ ಒಬ್ಬ ಬಂದರೆ ಹಿಂದೆ ಒಬ್ಬ ಕಡಿಮೆ. ಮಹೋಮ್ಸ್‌ನಂಥವನು ಆ ಖಾಲಿ ಜಾಗಕ್ಕೇ ಕಾಯುತ್ತಿರುತ್ತಾನೆ.

ನಮ್ಮ ಡಿಫೆನ್ಸ್ ಕೋಚ್ ವಿಕ್ ಫ್ಯಾಂಜಿಯೊ ಇದನ್ನು ಚೆನ್ನಾಗಿ ಬಲ್ಲವರು. 2025ರ ಫೈನಲ್‌ನಲ್ಲಿ ಒಂದು ಸಲವೂ ಬ್ಲಿಟ್ಜ್ ಮಾಡಿಸಲಿಲ್ಲ. ಒಂದೂ ಇಲ್ಲ! ನಾಲ್ಕೇ ಜನ ನುಗ್ಗಿ 6 ಸ್ಯಾಕ್. ಜಾಶ್ ಸ್ವೆಟ್ ಒಬ್ಬನೇ ಎರಡೂವರೆ, ಮಿಲ್ಟನ್ ವಿಲಿಯಮ್ಸ್ ಎರಡು. ಹಿಂದೆ ಏಳು ಜನ ಇದ್ದಿದ್ದರಿಂದ ಮಹೋಮ್ಸ್‌ಗೆ ಎಸೆಯಲು ಕಿಟಕಿಯೇ ತೆರೆಯಲಿಲ್ಲ. ಕೂಪರ್ ಡಿಜೀನ್ ಅನ್ನುವ ಹುಡುಗ, ಮೊದಲ ಸೀಸನ್, ಅವತ್ತೇ ಅವನಿಗೆ 22 ತುಂಬಿದ ಹುಟ್ಟುಹಬ್ಬ, ಮಹೋಮ್ಸ್ ಪಾಸ್ ಕಿತ್ತುಕೊಂಡು ಓಡಿ ಟಚ್‌ಡೌನ್ ಮಾಡಿದ.

ಫ್ಯಾಂಜಿಯೊ ತಂತ್ರ ಕಾಣಬೇಕಾದರೆ ಚೆಂಡು ಹೊರಡುವ ಮೊದಲು ಎಲ್ಲರಿಗಿಂತ ಹಿಂದೆ ಎಷ್ಟು ಜನ ನಿಂತಿದ್ದಾರೆ ಅಂತ ಎಣಿಸಿ. ಇಬ್ಬರಿದ್ದರೆ ಉದ್ದನೆಯ ಪಾಸ್‌ಗೆ ಬೀಗ. ಫ್ಯಾಂಜಿಯೊ ತಂಡದಲ್ಲಿ ಯಾವಾಗಲೂ ಇಬ್ಬರು ಕಾಣುತ್ತಾರೆ, ಚೆಂಡು ಹೊರಟ ಮೇಲೆ ಒಬ್ಬ ಒಮ್ಮೊಮ್ಮೆ ಕೆಳಗೆ ಇಳಿಯುತ್ತಾನೆ, ಒಮ್ಮೊಮ್ಮೆ ಇಳಿಯುವುದಿಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ಅದು ಗೊತ್ತಾಗುವಷ್ಟರಲ್ಲಿ ನಾಲ್ವರು ಬಂದು ಮುಟ್ಟಿರುತ್ತಾರೆ.

ನಾಲ್ಕನೇ ಡೌನ್‌ನಲ್ಲಿ ಚೆಂಡು ಒದ್ದು ಕೊಡೋದು ಬಿಟ್ಟು ಯಾಕೆ ಜೂಜಾಡ್ತಾರೆ?

ಅದು ಜೂಜಲ್ಲ, ಲೆಕ್ಕ. ಒಂದೆರಡು ಯಾರ್ಡ್ ಬಾಕಿ ಇದ್ದಾಗ ಸಿಗುವ ಸಾಧ್ಯತೆಯೇ ಹೆಚ್ಚು. ಹಳೆಯ ಕೋಚ್‌ಗಳು ಬೈಗುಳಕ್ಕೆ ಹೆದರಿ ಒದ್ದು ಕೊಡುತ್ತಿದ್ದರು.

2018ರ ಫೆಬ್ರವರಿ 4, ಮಿನಿಯಾಪೊಲಿಸ್. ನಮ್ಮ ಮುಖ್ಯ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಸ್ ಗಾಯಗೊಂಡು ಹೊರಗೆ. ಎಡ ಟ್ಯಾಕಲ್ ಜೇಸನ್ ಪೀಟರ್ಸ್ ಕೂಡ ಹೊರಗೆ. ಬದಲಿ ಆಟಗಾರ ನಿಕ್ ಫೋಲ್ಸ್ ಆಡಿಸುತ್ತಿದ್ದಾನೆ, ಎದುರಿಗೆ ಪೇಟ್ರಿಯಟ್ಸ್ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ. ಅರ್ಧ ಮುಗಿಯಲು 38 ಸೆಕೆಂಡ್, 15-12 ಮುಂದಿದ್ದೇವೆ, ನಾಲ್ಕನೇ ಡೌನ್, ಒಂದು ಯಾರ್ಡ್. ಗೋಲ್‌ಪೋಸ್ಟ್ ನಡುವೆ ಒದ್ದರೆ ಮೂರು ಅಂಕ ಹೆಚ್ಚೂ ಕಡಿಮೆ ಗ್ಯಾರಂಟಿ. ಕೋಚ್ ಡಗ್ ಪೆಡರ್ಸನ್ ಒದೆಯಲಿಲ್ಲ. ಫೋಲ್ಸ್ ಏನೋ ಹೇಳಲು ಹೋಗುವವನ ಹಾಗೆ ಬಲಕ್ಕೆ ಸರಿದ. ಚೆಂಡು ನೇರ ಕೋರಿ ಕ್ಲೆಮೆಂಟ್ ಕೈಗೆ, ಅವನಿಂದ ಟ್ರೇ ಬರ್ಟನ್ ಕೈಗೆ, ಬರ್ಟನ್ ಎಸೆದ. ಹಿಡಿದಿದ್ದು ಕ್ವಾರ್ಟರ್‌ಬ್ಯಾಕ್ ಫೋಲ್ಸ್! ಸುತ್ತಮುತ್ತ ಒಬ್ಬನೂ ಇರಲಿಲ್ಲ. ನಮ್ಮೂರಿನ ಮೊದಲ ಸೂಪರ್ ಬೌಲ್ ಗೆಲುವಿನ ಹೃದಯ ಅದೇ. ನಮ್ಮ ಸ್ಟೇಡಿಯಂ ಹೊರಗೆ ಆ ಆಟಕ್ಕೆ ಮುಂಚಿನ ಕ್ಷಣದ್ದೇ ಪ್ರತಿಮೆ ನಿಲ್ಲಿಸಿದ್ದಾರೆ, ಫೋಲ್ಸ್ ಮತ್ತು ಪೆಡರ್ಸನ್ ನಿಂತು ಮಾತಾಡುತ್ತಿರುವುದು.

ಬ್ರೇಡಿ ದೊಡ್ಡವನಾ, ಮಹೋಮ್ಸ್ ದೊಡ್ಡವನಾ?

ಇವತ್ತಿಗೆ ಬ್ರೇಡಿ. 2000ದಲ್ಲಿ 199ನೇ ಆಯ್ಕೆ, ಏಳು ಸೂಪರ್ ಬೌಲ್. ಚೆಂಡು ಕೈಯಿಂದ ಬೇಗ ಬಿಡುವುದರಲ್ಲಿ ಅವನಿಗೆ ಸಮ ಇಲ್ಲ. ಅದೂ ಒಂದು ಥರ ತನ್ನ ಲೈನ್‌ಗೆ ಮಾಡುವ ಸಹಾಯವೇ. ಮಹೋಮ್ಸ್‌ಗೆ ಇನ್ನೂ ವಯಸ್ಸಿದೆ. ಇಬ್ಬರನ್ನೂ ಫೈನಲ್‌ನಲ್ಲಿ ಸೋಲಿಸಿದ್ದು ನನ್ನ ತಂಡ, ಅದಷ್ಟು ಸಾಕು ನನಗೆ.

ನಿಮ್ಮ ಬದ್ಧ ವೈರಿ ಡಲ್ಲಸ್ ಕೌಬಾಯ್ಸ್ ಬಗ್ಗೆ?

ಇಲ್ಲ. ಮುಂದಿನ ಪ್ರಶ್ನೆ.

ತಲೆಗೆ ಅಷ್ಟು ಪೆಟ್ಟು ಬೀಳುತ್ತೆ. ನೋಡೋಕೆ ಮನಸ್ಸು ಹೇಗೆ ಬರುತ್ತೆ?

ಇದು ನನ್ನನ್ನು ನಿಜಕ್ಕೂ ಕಾಡುವ ಪ್ರಶ್ನೆ. ಮತ್ತೆ ಮತ್ತೆ ಪೆಟ್ಟು ಬಿದ್ದ ಮಿದುಳಿಗೆ ಬರುವ ಸಿಟಿಇ ಅನ್ನುವ ಕಾಯಿಲೆ, ಸತ್ತ ಮೇಲೆ ಮಿದುಳು ಪರೀಕ್ಷಿಸಿದರೆ ಮಾತ್ರ ಖಚಿತವಾಗುತ್ತದೆ. ದೊಡ್ಡ ಡಿಕ್ಕಿಗಳಷ್ಟೇ ಅಲ್ಲ, ಸಣ್ಣ ಸಣ್ಣ ಪೆಟ್ಟುಗಳೂ ಸೇರಿಕೊಳ್ಳುತ್ತವೆ. ಅಂದರೆ ನಾನು ಇಷ್ಟಪಡುವ ಆ ಐದು ಜನರೇ ಪ್ರತಿ ಆಟದಲ್ಲೂ ತಲೆ ತಾಗಿಸುವವರು. ಅಭ್ಯಾಸದ ವೇಳೆ ಹೆಲ್ಮೆಟ್ ಮೇಲೆ ಹಾಕುವ ಮೆತ್ತನೆಯ ಕವಚವನ್ನು 2022ರಲ್ಲಿ ಲೈನ್‌ಮನ್‌ಗಳಿಗೆ ಕಡ್ಡಾಯ ಮಾಡಿದರು, 2024ರಿಂದ ಮ್ಯಾಚ್‌ನಲ್ಲೂ ಬೇಕಿದ್ದವರು ಹಾಕಬಹುದು. ನೋಡಲು ದಪ್ಪ ಕಾಣುತ್ತದೆ ಅಂತ ನಗುವವರಿದ್ದಾರೆ. ನಗಬೇಡಿ.

2023ರ ಜನವರಿ 2ರಂದು ಬಫಲೋ ತಂಡದ ಡಮಾರ್ ಹ್ಯಾಮ್ಲಿನ್ ಟ್ಯಾಕಲ್ ಮಾಡಿ ಎದ್ದು ನಿಂತು, ಹಾಗೇ ಹಿಂದಕ್ಕೆ ಬಿದ್ದ. ಹೃದಯ ನಿಂತಿತ್ತು. ವೈದ್ಯರು ಮೈದಾನದಲ್ಲೇ ಎದೆ ಒತ್ತುತ್ತಿದ್ದಾಗ ಎರಡೂ ತಂಡದವರು ಸುತ್ತ ಮಂಡಿಯೂರಿ ಅಳುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆ ಮ್ಯಾಚ್ ಮತ್ತೆ ನಡೆಯಲೇ ಇಲ್ಲ. ಅವನು ಬದುಕಿದ, ಮುಂದಿನ ಸೀಸನ್‌ಗೆ ವಾಪಸ್ ಬಂದ.

ನನ್ನ ಮಗ ಫ್ಲ್ಯಾಗ್ ಫುಟ್‌ಬಾಲ್ ಆಡುತ್ತಾನೆ. ಚೆಂಡು ಹಿಡಿದವನ ಸೊಂಟದಲ್ಲಿ ನೇತಾಡುವ ಪಟ್ಟಿ ಕಿತ್ತರೆ ಆ ಡೌನ್ ಮುಗಿಯಿತು, ಮೈಗೆ ಮೈ ತಾಗಿಸುವಂತಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲೂ ಅದು ಇರುತ್ತದೆ. ಟ್ಯಾಕಲ್ ಆಟಕ್ಕೆ ಕಳಿಸುತ್ತೀರಾ ಅಂದರೆ, ಇಲ್ಲ, ಕಳಿಸುವುದಿಲ್ಲ. ಆಟವನ್ನು ಪ್ರೀತಿಸುತ್ತೇನೆ, ಅದನ್ನೂ ಹೇಳುತ್ತೇನೆ, ಇದನ್ನೂ ಹೇಳುತ್ತೇನೆ.

ಇಂಡಿಯಾದಲ್ಲಿ ಯಾವ ಹೊತ್ತಿಗೆ ನೋಡಬೇಕು?

ಭಾನುವಾರ ಇಲ್ಲಿ ಮಧ್ಯಾಹ್ನ 1ಕ್ಕೆ ಶುರುವಾಗುವ ಮ್ಯಾಚ್ ನಿಮಗೆ ರಾತ್ರಿ 10.30. ನವೆಂಬರ್‌ನಲ್ಲಿ ಇಲ್ಲಿ ಗಡಿಯಾರ ಬದಲಾದ ಮೇಲೆ 11.30. ಸೂಪರ್ ಬೌಲ್ ಸೋಮವಾರ ಬೆಳಗ್ಗೆ 5 ಗಂಟೆ. ಹಾಲು ಬರುವ ಹೊತ್ತು, ಎದ್ದು ಕಾಫಿ ಇಟ್ಟುಕೊಂಡು ಕೂತರೆ ಆಫೀಸಿಗೆ ಹೊರಡುವಷ್ಟರಲ್ಲಿ ಮುಗಿಯುತ್ತದೆ.

ಹೊಸಬರು ಮೊದಲು ಯಾವ ಮ್ಯಾಚ್ ನೋಡಬೇಕು?

2018ರ ಫೈನಲ್, ಈಗಲ್ಸ್ 41, ಪೇಟ್ರಿಯಟ್ಸ್ 33. ಬ್ರೇಡಿ 505 ಯಾರ್ಡ್ ಎಸೆದೂ ಸೋತ ಮ್ಯಾಚ್. ಪೂರ್ತಿ ನೋಡಲು ಹೊತ್ತಿಲ್ಲದಿದ್ದರೆ ಕೊನೆಯ ಎರಡೂವರೆ ನಿಮಿಷಕ್ಕೆ ಹೋಗಿ. ನಾವು ಐದು ಅಂಕ ಮುಂದೆ, ಚೆಂಡು ಬ್ರೇಡಿ ಕೈಯಲ್ಲಿ, ಅವನಿಗೆ ಅಷ್ಟು ಹೊತ್ತು ಬೇಕಾದಷ್ಟಾಯಿತು ಅಂತ ಎಲ್ಲರಿಗೂ ಗೊತ್ತು. ಬ್ರೇಡಿಯನ್ನು ನೋಡಬೇಡಿ. ನಮ್ಮ ಸಾಲಿನಲ್ಲಿ 55ನೇ ನಂಬರ್, ಬ್ರಾಂಡನ್ ಗ್ರಹಾಂ. ಸಾಮಾನ್ಯವಾಗಿ ತುದಿಯಲ್ಲಿ ನಿಲ್ಲುವವನು ಆ ಸಲ ಒಳಗೆ, ಗಾರ್ಡ್ ಎದುರು ನಿಂತಿದ್ದಾನೆ. ಚೆಂಡು ಹೊರಡುತ್ತದೆ, ಗಾರ್ಡ್‌ನನ್ನು ಪಕ್ಕಕ್ಕೆ ತಳ್ಳುತ್ತಾ ಒಂದು ಕೈ ಮುಂದೆ ಚಾಚುತ್ತಾನೆ. ಬ್ರೇಡಿ ತೋಳು ಎತ್ತುವಷ್ಟರಲ್ಲಿ ಆ ಕೈ ಚೆಂಡಿಗೆ ತಾಗುತ್ತದೆ. ಇಡೀ ಮ್ಯಾಚ್‌ನಲ್ಲಿ ಅವನ ಮೇಲೆ ಬಿದ್ದ ಒಂದೇ ಸ್ಯಾಕ್ ಅದು. ಚೆಂಡು ನೆಲಕ್ಕೆ ಬಿದ್ದು ಪುಟಿದು ಡೆರೆಕ್ ಬಾರ್ನೆಟ್ ಕೈಗೆ ಬರುತ್ತದೆ. ಅಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ, ಇನ್ನೊಂದು ಸಲ ನೋಡಿ, ಈ ಸಲ ಗಾರ್ಡ್‌ನ ಕಾಲು ಮಾತ್ರ.